ಎತ್ತಿದ ಬಾನೆಟ್ಟಿನ ಮರೆಯಲ್ಲಿ

ಮೊನ್ನೆ ಬಟ್ಟೆ ನೆನೆಹಾಕುವ ಮುಂಚೆ ನನ್ನ ಹೆಂಡತಿ ಗಿರಿಜಾ ನನ್ನ ಅಂಗಿಯ ಕಿಸೆಗೆ ಕೈ ಹಾಕಿದಳು. ಸಿಕ್ಕಿದ್ದನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಒಂದು ನಟ್ಟು, ಬೆರಳುದ್ದ ಪಾಲಿಶ್ ಪೇಪರು, ರಬ್ಬರಿನದೊಂದು ಸಣ್ಣ ಬಳೆ, ಎಲ್ಲಿಯದೆಂದು ಯಾರಿಗೂ ಹೇಳಲಾಗದ ಒಂದು ಸ್ಪ್ರಿಂಗು. ಬೇರೆ ಹೆಂಡಂದಿರಾದರೆ ಗಂಡನ ಕಿಸೆಯಲ್ಲಿ ಬೀಡಿ ಸಿಕ್ಕಿತೆಂದು ಜಗಳ ತೆಗೆಯುತ್ತಾರೆ. ನನ್ನವಳು ಸ್ಪ್ರಿಂಗನ್ನು ಕಿಟಕಿಯ ಬೆಳಕಿಗೆ ಹಿಡಿದು, "ರೀ, ಇವು ಗಾಡಿಗೆ ಹಾಕೂವೋ, ಗಾಡಿಯೊಳಗಿಂದ ಉಳದಾವೋ?" ಎಂದಳು.

ಗಾಡಿ ಬಿಚ್ಚಿ ಮತ್ತೆ ಜೋಡಿಸಿದಾಗಲೆಲ್ಲ ನನ್ನ ಕೈಯಲ್ಲಿ ಏನಾದರೊಂದು ಉಳಿಯುತ್ತದೆ. ಮೊದಮೊದಲು ಗಾಬರಿಯಾಗುತ್ತಿತ್ತು. ಈಗ, ಕಟ್ಟಿದವರು ಧಾರಾಳಿಗಳು, ಒಂದೆರಡು ಹೆಚ್ಚಿಗೇ ಹಾಕಿರಬೇಕು ಎಂದುಕೊಂಡು ಕಿಸೆಗೆ ಇಳಿಸುತ್ತೇನೆ.

ನಮ್ಮದೊಂದು ಬಿಳಿ ಅಂಬಾಸಿಡರ್ ಇದೆ. ಬಿಳಿ ಎನ್ನುವುದು ಅಭ್ಯಾಸಬಲ. ಈಗ ಅದರ ಬಣ್ಣ ಮಜ್ಜಿಗೆಗೂ ಚಹಾಕ್ಕೂ ನಡುವೆ ಎಲ್ಲೋ ನಿಂತಿದೆ. ಹಳೆ ಬಾಗಲಕೋಟೆಯಲ್ಲಿ ನಮ್ಮಪ್ಪನಿಗೆ ಹತ್ತಿಯ ಅಡತಿ ಅಂಗಡಿ ಇದ್ದಾಗ ಕೊಂಡದ್ದು. ಊರು ಅಣೆಕಟ್ಟಿನ ಹಿನ್ನೀರಿಗೆ ಸೇರುವ ಹೊತ್ತಿಗೆ ಎಲ್ಲರ ಸಾಮಾನೂ ಟ್ರ್ಯಾಕ್ಟರಿನ ಮೇಲೆ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂತು. ನಮ್ಮ ಗಾಡಿ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಅಪ್ಪ ಬಿಳಿ ಧೋತರ ಉಟ್ಟು, ಸ್ಟೇರಿಂಗ್ ಹಿಡಿದು, ತಾನೇ ನಡೆಸುತ್ತಿರುವವನ ಹಾಗೆ ಎಡಬಲ ನೋಡಿ ನಮಸ್ಕಾರ ಮಾಡುತ್ತ ಊರು ದಾಟಿದ. ಅವನು ಬದುಕಿರುವವರೆಗೆ ಬಾನೆಟ್ ಎತ್ತಿ ನೋಡಿದವನಲ್ಲ. "ಮಂದಿ ಹೊಟ್ಟಿಯೊಳಗ ಏನೈತಿ ಅಂತ ಇಣಿಕಿ ನೋಡಬಾರದು" ಅನ್ನುತ್ತಿದ್ದ.

ಆ ಮರ್ಯಾದೆ ನನಗೆ ಬರಲಿಲ್ಲ. ನನ್ನ ಉದ್ಯೋಗ ಚಷ್ಮಾದ ಅಂಗಡಿ. ದಿನವಿಡೀ ಎಳ್ಳಿನಷ್ಟು ಸಣ್ಣ ತಿರುಪುಗಳನ್ನು ಬಿಗಿ ಮಾಡಿ ಮಾಡಿ, ತಿರುಪು ಎಂದರೆ ಎಲ್ಲ ಒಂದೇ, ದೊಡ್ಡದು ಇನ್ನೂ ಸಲೀಸು ಎಂಬ ಭ್ರಮೆ ನನ್ನನ್ನು ಹೊಕ್ಕಿತು. ಅಪ್ಪ ಹೋದ ಮೇಲೆ ಗಾಡಿಯ ದುರಸ್ತಿ ನಾನೇ ಮಾಡುತ್ತೇನೆಂದು ಸಾರಿದೆ. ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಒಂದೇ ತೊಂದರೆ, ವಿಡಿಯೋದವನು ಬಿಚ್ಚುವುದನ್ನು ನಿಧಾನವಾಗಿ ತೋರಿಸುತ್ತಾನೆ, ಕೂಡಿಸುವಾಗ ಮಾತ್ರ "ಹೀಗೇ ಹಿಂದುಮುಂದಾಗಿ ಮಾಡಿ" ಎಂದು ಮುಗಿಸಿಬಿಡುತ್ತಾನೆ.

ಒಂದು ಸಲ ಶಿರೂರಿನ ಹತ್ತಿರ ಎಕ್ಸಲರೇಟರಿನ ತಂತಿ ಕಳಚಿಕೊಂಡಿತು. ಕಟ್ಟಲು ಏನೂ ಸಿಗಲಿಲ್ಲ. ಆಗ ಹೊಳೆದ ಉಪಾಯಕ್ಕೆ ನಾನೇ ಬೆರಗಾದೆ: ನನ್ನ ಪಾಯಜಾಮದ ಲಾಡಿ ಬಿಚ್ಚಿ ಅದರಿಂದ ಬಿಗಿದೆ. ಗಾಡಿ ಕುದುರೆಯ ಹಾಗೆ ಓಡಿತು. ಮನೆಯ ಮುಂದೆ ಬಂದು ನಿಂತಿತು. ಪಕ್ಕದ ಮನೆಯ ಗುರುಗಳು, "ಬರ್ರಿ, ಚಹಾ ಕುಡಿಯೂಣು, ಇಳೀರಿ" ಎಂದು ಬಾಗಿಲ ಹತ್ತಿರವೇ ಬಂದು ನಿಂತರು. ನಾನು ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಅವರು ಬೇಜಾರಾಗಿ ಹೋಗುವವರೆಗೆ ಹಾರ್ನ್ ಪರೀಕ್ಷೆ ಮಾಡುತ್ತ ಒಳಗೇ ಕುಳಿತೆ.

ಬಾದಾಮಿಯ ಸಂಗತಿ ಇನ್ನೂ ಕೆಟ್ಟದ್ದು. ಮಾವನವರಿಗೆ ಗುಹೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಬೆಟ್ಟದ ಬುಡದಲ್ಲಿ ಗಾಡಿ ಕೆಮ್ಮಿ ನಿಂತಿತು. ನಾನು ಹೆಗಲ ಮೇಲಿನ ವಲ್ಲಿ ಹಾಸಿ, ಡಾಕ್ಟರನ ಗತ್ತಿನಲ್ಲಿ ಒಂದೊಂದೇ ಭಾಗ ಬಿಚ್ಚಿ ಅದರ ಮೇಲೆ ಇಡುತ್ತಿದ್ದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಬ್ಬಿಯ ಕರಿ ಮುಚ್ಚಳ ಅಲ್ಲಿನ ಒಂದು ಮಂಗಕ್ಕೆ ಏನಾಗಿ ಕಂಡಿತೋ, ಎತ್ತಿಕೊಂಡು ಬಂಡೆ ಏರಿತು. ನಾಕು ಬಾಳೆಹಣ್ಣು ಕೊಟ್ಟ ಮೇಲೆ ಮುಚ್ಚಳ ಬೀಳಿಸಿತು. ಅದರ ಮೇಲೆ ಹಲ್ಲಿನ ಗುರುತು ಇನ್ನೂ ಇದೆ. ಮಾವನವರು ಗುಹೆಯ ಕಡೆ ತಿರುಗಿಯೂ ನೋಡಲಿಲ್ಲ. ಊರಿಗೆ ಹೋಗಿ, "ಬಾದಾಮಿ ಭಾಳ ಚಂದ ಐತಿ, ನಮ್ಮ ಅಳಿಯಾ ಮಂಗನ ಕೂಡ ಮಾತಾಡ್ತಾನ" ಎಂದರಂತೆ. ಅವತ್ತಿನಿಂದ ಗಿರಿಜಾ ಈ ಗಾಡಿಯಲ್ಲಿ ಕೂಡುವುದನ್ನು ಬಿಟ್ಟಳು. ಎಲ್ಲಿಗೆ ಹೋಗುವುದಾದರೂ, "ನೀವು ಮುಂದ ನಡೀರಿ, ನಾ ಬಸ್ಸಿಗೆ ಬಂದು ನಿಮ್ಮಕಿಂತ ಮೊದಲ ಮುಟ್ತೇನಿ" ಅನ್ನುತ್ತಾಳೆ. ಮುಟ್ಟುತ್ತಾಳೆ ಕೂಡ.

ಇಷ್ಟೆಲ್ಲ ಮಾನ ಕಳೆದುಕೊಂಡವನ ಬಾಳಿನಲ್ಲಿ ಒಂದೇ ಒಂದು ಸಲ ರಿಪೇರಿ ಸರಿಯಾಯಿತು. ಅದನ್ನು ಯಾರ ಮುಂದೂ ಹೇಳಿಕೊಳ್ಳಲಾಗದ ಹಾಗೆ ಆಯಿತು. ನಿಮ್ಮ ಮುಂದೆ ಹೇಳುತ್ತೇನೆ.

ನನ್ನ ತಂಗಿ ಸುನಂದಾ ಇಳಕಲ್ಲಿನಲ್ಲಿದ್ದಾಳೆ. ಹೋದ ಚಳಿಗಾಲದಲ್ಲಿ ಅವಳ ಮಗಳು ಅಕ್ಷತಾಳ ಕುಬಸ ಇತ್ತು. ಕುಬಸ ಗೊತ್ತಲ್ಲ, ಬಸುರಿಗೆ ಹೊಸ ಸೀರೆ ಉಡಿಸಿ, ಕುಬಸಕ್ಕೆ, ಅಂದರೆ ರವಿಕೆಗೆ, ಖಣ ಕೊಟ್ಟು ಆರತಿ ಮಾಡುವುದು. ಸೀರೆ ಊರಲ್ಲೇ ಇತ್ತು. ಖಣ ಮಾತ್ರ ಗುಳೇದಗುಡ್ಡದ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ ಶಾಂತವ್ವನ ಮನೆಯ ಮಗ್ಗದ್ದೇ ಬೇಕೆಂದು ಅಕ್ಷತಾ ಹಟ ಹಿಡಿದಿದ್ದಳು. ಬರೀ ಖಣವಲ್ಲ. "ಮಾಮಾ, ಇಬ್ರೂ ಆಯಿಗೋಳು ಕೂಡೇ ಬಂದು ಆರತಿ ಮಾಡಬೇಕು. ಒಬ್ರು ಬರಲಿಲ್ಲಂದ್ರೂ ನಾ ಮಣಿ ಮ್ಯಾಲೆ ಕುಂದ್ರಾಂಗಿಲ್ಲ" ಎಂದು, ಅವ್ವ ಚಿಗವ್ವ ಇಬ್ಬರು ಅಜ್ಜಿಯರನ್ನೂ ಫೋನಿನಲ್ಲಿ ನನ್ನ ತಲೆಯ ಮೇಲೆ ಹೊರಿಸಿದಳು.

ಹೊರಿಸಿದ ಭಾರ ಸಣ್ಣದಲ್ಲ. ಅವ್ವನೂ ಚಿಗವ್ವನೂ ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು. ಅವರ ತಾಯಿ, ನಮ್ಮ ಅಜ್ಜಿ, ಬಿರುಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಚಿಗವ್ವ ಆಗ ಮಗ್ಗದ ಕೆಲಸಕ್ಕೆಂದು ಸೊಲ್ಲಾಪುರದಲ್ಲಿದ್ದಳು. ಸುದ್ದಿ ಮುಟ್ಟಿ, ಅವಳು ಸಿಕ್ಕ ಗಾಡಿ ಹತ್ತಿ ಬರುವ ಹೊತ್ತಿಗೆ ಮಣ್ಣು ಕೊಟ್ಟು ಎಲ್ಲರೂ ಕೈಕಾಲು ತೊಳೆದುಕೊಂಡಾಗಿತ್ತು. ಚಿಗವ್ವ ಹೊಸ್ತಿಲು ದಾಟಲಿಲ್ಲ. "ನೀನರ ನಿಲ್ಲಸಬೇಕಿತ್ತಲ್ಲ ಯಕ್ಕಾ" ಎಂದು ಅಷ್ಟೇ ಅಂದು, ಬಂದ ದಾರಿಯಲ್ಲೇ ಹೊಳ್ಳಿ ಹೋದಳು. ಆಮೇಲೆ ಮದುವೆ ಮುಂಜಿಗಳಲ್ಲಿ ಒಬ್ಬರು ಮಂಟಪದ ಈ ತುದಿಗೆ ಕೂತರೆ ಇನ್ನೊಬ್ಬರು ಆ ತುದಿಗೆ.

ಕುಬಸದ ದಿನ ಬೆಳಿಗ್ಗೆ ಅವ್ವನಿಗೆ ನಾನು ಖಣ ತೆಗೆದುಕೊಂಡು ಹೋಗೋಣ ಎಂದು ಹೇಳಿ ಗಾಡಿಯನ್ನು ಗುಳೇದಗುಡ್ಡಕ್ಕೆ ತಿರುಗಿಸಿದೆ. ಸುಳ್ಳಲ್ಲ. ಖಣದ ಜೊತೆ ಚಿಗವ್ವನೂ ಬರುತ್ತಾಳೆ ಎಂಬುದನ್ನು ಹೇಳಲಿಲ್ಲ, ಅಷ್ಟೆ. ಚಿಗವ್ವನಿಗೆ ನಾನೊಬ್ಬನೇ ಬರುತ್ತೇನೆ ಎಂದಿದ್ದೆ. ಅದು ಸುಳ್ಳು.

ಮಗ್ಗದ ಸದ್ದು ತುಂಬಿದ ಓಣಿಯಲ್ಲಿ ಚಿಗವ್ವ ಗಂಟು ಹಿಡಿದು ಹೊರಗೆ ಬಂದಳು. ಬಗ್ಗಿ ನೋಡಿ ಗಕ್ಕನೆ ನಿಂತಳು.

"ಮಲ್ಲ್ಯಾ, ಗಾಡ್ಯಾಗ ಯಾರದು?"

"ಅವ್ವ."

"ಹಂಗಾರ ನಾ ಬಸ್ಸಿಗೆ ಬರ್ತೇನಿ."

ನಮ್ಮ ಮನೆತನದ ಹೆಂಗಸರಿಗೆಲ್ಲ ಕೊನೆಗೆ ಬಸ್ಸೇ ಗತಿ ಎನ್ನಿಸಿತು. "ಚಿಗವ್ವಾ, ಬಸರಿ ಹುಡುಗಿ ಬಯಕಿ ಐತಿ. ಇಬ್ರೂ ಕೂಡೇ ಬಂದ್ರ ಅಷ್ಟ ಆರತಿ ಅಂದಾಳ" ಎಂದೆ. ಬಸುರಿಯ ಬಯಕೆ ಮುರಿಯಬಾರದೆಂಬುದು ಇಬ್ಬರಿಗೂ ಗೊತ್ತು. ಚಿಗವ್ವ ತುಟಿ ಬಿಗಿಹಿಡಿದು ಹತ್ತಿದಳು. ಮುಂದಿನ ಸೀಟಿನ ತುಂಬ ನಾನು ಶೇಂಗಾ ಹೋಳಿಗೆ, ಕರಚಿಕಾಯಿ ಬುಟ್ಟಿಗಳನ್ನು ಪೇರಿಸಿದ್ದೆ, ಬೇಕಂತಲೇ. ಹಿಂದೆ ಇಬ್ಬರೂ ಒಂದೊಂದು ಕಿಟಕಿಗೆ ಅಂಟಿಕೊಂಡು ಕೂತರು. ನಡುವೆ ಖಣದ ಗಂಟು, ಹೊಲದ ಬದುವಿನ ಹಾಗೆ.

ಅಮೀನಗಡದವರೆಗೆ ನಾನು ಟಪಾಲಿನವನಾದೆ. "ಮಲ್ಲು, ಆ ಕಿಟಕಿ ಏರಸಾಕ ಹೇಳು, ಗಾಳಿ ಬಡಿತೈತಿ" ಎಂದು ಅವ್ವ. "ಮಲ್ಲ್ಯಾ, ಏರಿಸಿದ್ರ ನನಗ ಉಸಿರು ಕಟ್ಟತೈತಿ ಅಂತ ಹೇಳು" ಎಂದು ಚಿಗವ್ವ. ಇಬ್ಬರ ನಡುವೆ ಇದ್ದದ್ದು ಒಂದು ಗೇಣು. ಮಾತು ಮಾತ್ರ ನನ್ನ ಬೆನ್ನು ಸುತ್ತಿಕೊಂಡು ಹೋಗಬೇಕು. ಏನೂ ಇಲ್ಲದಿದ್ದಾಗ ಇಬ್ಬರೂ ನನ್ನ ಡ್ರೈವಿಂಗ್ ಬಗ್ಗೆ ಹೇಳುತ್ತಿದ್ದರು. ಅದಕ್ಕೆ ಮಾತ್ರ ಮಧ್ಯಸ್ಥಿಕೆ ಬೇಕಿರಲಿಲ್ಲ.

ಅಮೀನಗಡ ದಾಟಿ ಹುನಗುಂದದ ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆವು. ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತಿತ್ತು. ಗಾಡಿ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಒಂದು ಬೇವಿನ ಗಿಡದ ಹತ್ತಿರ ತಾನಾಗಿ ಉರುಳಿ ನಿಂತಿತು.

"ಆತಲ್ಲ?" ಎಂದಳು ಅವ್ವ.

"ಆತು" ಎಂದಳು ಚಿಗವ್ವ. ಇಬ್ಬರೂ ನನಗೇ ಹೇಳಿದ್ದು.

ಇಳಿದು ಬಾನೆಟ್ ಎತ್ತಿದೆ. ಮಧ್ಯಾಹ್ನದೊಳಗೆ ಆರತಿ ಆಗಬೇಕು ಎಂದು ಸುನಂದಾ ಬೆಳಿಗ್ಗೆಯಿಂದ ಫೋನು ಮಾಡುತ್ತಿದ್ದಳು. ಪೆಟ್ರೋಲು ಬರುತ್ತಿದೆಯೇ ನೋಡಿದೆ, ಬರುತ್ತಿತ್ತು. ಮಂಗ ಕಚ್ಚಿದ ಮುಚ್ಚಳ ತೆಗೆದು ಒರೆಸಿದೆ. ಆಗ ಕಂಡಿತು: ಕರೆಂಟು ಕೊಡುವ ಕಾಯಿಲಿನಿಂದ ಆ ಡಬ್ಬಿಗೆ ಬರುವ ಒಂದು ಸಣ್ಣ ವಾಯರು ತುದಿಯಲ್ಲಿ ಕಿತ್ತು ನೇತಾಡುತ್ತಿತ್ತು. ಅದನ್ನು ಹೋದ ವಾರ ಬಿಗಿ ಮಾಡಿದವನು ಯಾರು ಎಂಬ ಪ್ರಶ್ನೆಯನ್ನು ಆ ಹೊತ್ತಿಗೆ ಬದಿಗಿಟ್ಟೆ. ಬ್ಲೇಡು ಇರಲಿಲ್ಲವಾಗಿ ಹಲ್ಲಿನಿಂದಲೇ ವಾಯರಿನ ತೊಗಲು ಸುಲಿಯತೊಡಗಿದೆ.

ಅಷ್ಟರಲ್ಲಿ ಒಳಗಿನಿಂದ ಅವ್ವ ಕೂಗಿದಳು: "ಮಲ್ಲು, ಆ ಕಡೆ ಬಿಸಿಲು ಬಿದ್ದೈತಿ, ಈ ಕಡೆ ಸರಿ ಅಂತ ಹೇಳು ಆಕೀಗೆ."

ಬಾಯಲ್ಲಿ ವಾಯರು. ನಾನು ಹೇಗೆ ಮಾತಾಡಲಿ?

"ಮಲ್ಲು! ಕೇಳಸ್ತೋ ಇಲ್ಲೋ?"

ನಾನು ವಾಯರನ್ನು ಸುತ್ತಿ ತಿರುಪಿನಡಿ ಸೇರಿಸಿ ಬಿಗಿದೆ. ಚಷ್ಮಾದ ಸಣ್ಣ ಸ್ಕ್ರೂಡ್ರೈವರಿಗೆ ಇಂಥ ಸಾರ್ಥಕ ಗಳಿಗೆ ಮತ್ತೆ ಬರಲಿಕ್ಕಿಲ್ಲ. ಮುಚ್ಚಳ ಹಾಕಿದೆ. ಹತ್ತು ನಿಮಿಷವೂ ಆಗಿರಲಿಲ್ಲ! ಕಿಸೆ ಮುಟ್ಟಿ ನೋಡಿಕೊಂಡೆ, ಒಂದು ನಟ್ಟೂ ಉಳಿದಿರಲಿಲ್ಲ. "ಆತು ಬೇ!" ಎಂದು ಊರೆಲ್ಲ ಕೇಳುವಂತೆ ಒದರಲು ಬಾಯಿ ತೆರೆದೆ.

ಆಗ ಗಾಡಿಯೊಳಗೆ ಅವ್ವನ ದನಿ, ಮೆಲ್ಲಗೆ: "ಶಾಂತಾ, ಈ ಕಡೆ ಸರಿ. ಬಿಸಿಲಾಗ ನಿನಗ ತಲಿ ನೋಯತೈತಿ."

ನಾನು ತೆರೆದ ಬಾಯಿಯನ್ನು ಹಾಗೇ ಇಟ್ಟುಕೊಂಡು ನಿಂತೆ. ಆಮೇಲೆ ಸೀಟಿನ ಸ್ಪ್ರಿಂಗು ಕಿರ್ ಎಂದಿತು. ಯಾರೋ ಸರಿದ ಸದ್ದು.

ಈಗ ನಾನು ಹೋಗಿ ಕೂತರೆ ಮತ್ತೆ ಟಪಾಲು ಶುರುವಾಗುತ್ತದೆ. ಎತ್ತಿದ ಬಾನೆಟ್ ಅವರಿಗೂ ನನಗೂ ನಡುವೆ ಪರದೆಯ ಹಾಗೆ ನಿಂತಿತ್ತು. ನಾನು ನಟ್ಟು ಬಿಗಿಯುವ ಪಾನಾ ತೆಗೆದು ಎಂಜಿನ್ನಿಗೆ ಮೆಲ್ಲಗೆ ಟಕ್ ಟಕ್ ಎಂದು ಬಡಿಯತೊಡಗಿದೆ. ಕೆಲಸ ನಡೆದಿದೆ ಎಂದು ಗೊತ್ತಾಗಲಿ ಎಂದು.

ಇಂಥ ಹೊತ್ತಿನಲ್ಲೇ ಪರೋಪಕಾರಿಗಳು ಬರುತ್ತಾರೆ. ಹಾಲಿನ ಕ್ಯಾನು ಕಟ್ಟಿದ ಬೈಕಿನವನೊಬ್ಬ ಗಕ್ಕನೆ ನಿಲ್ಲಿಸಿದ. "ಏನಾತ್ರಿ ಗಾಡಿಗೆ?"

"ಏನೂ ಆಗಿಲ್ರಿ, ನೀವು ಹೋಗ್ರಿ" ಎಂದು ಪಿಸುಗುಟ್ಟಿದೆ.

"ಏನೂ ಆಗದ ಬಾನೆಟ್ ಎತ್ತೀರಿ? ನಡೀರಿ, ನಾ ಒಂದು ಸೆಲ್ಫ್ ಹೊಡದ ನೋಡ್ತೇನಿ" ಎಂದು ಅವನು ಬಾಗಿಲ ಕಡೆ ಹೊರಟೇಬಿಟ್ಟ. ನಾನು ಅವನ ಟವೆಲು ಹಿಡಿದು ಜಗ್ಗಿದೆ. ಕಳ್ಳನೋ ಹುಚ್ಚನೋ ಎಂದು ಅವನು ನನ್ನನ್ನು ನೋಡಿದ. ಬೇರೆ ದಾರಿಯಿಲ್ಲದೆ ಅವನ ಕಿವಿಯಲ್ಲಿ ಎಲ್ಲ ಹೇಳಿದೆ: ಒಳಗಿರುವವರು ಅಕ್ಕತಂಗಿ, ಮಾತು ಬಿಟ್ಟು ಬಹಳ ವರ್ಷ, ಈಗ ಶುರುವಾಗಿದೆ, ಗಾಡಿ ಚಾಲೂ ಆದರೆ ಮಾತು ಬಂದ್.

ಅವನು ಒಂದು ಗಳಿಗೆ ಯೋಚಿಸಿದ. ಬೈಕಿಗೆ ಸ್ಟ್ಯಾಂಡ್ ಹಾಕಿದ. ನನ್ನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, "ಆ ಪಾನಾ ಇಲ್ಲೆ ಕೊಡ್ರಿ, ನಿಮಗ ಬಡಿಯಾಕೂ ಬರೂದಿಲ್ಲ" ಎಂದ. ಮರೋಳದವನಂತೆ. ಆಮೇಲೆ ಅವನು ಬಡಿದ, ನಾನು ಆಗಾಗ "ಹಾಂ, ಇನ್ನೊಂದೀಟು ಬಿಗಿ ಮಾಡ್ರಿ" ಎಂದು ದನಿ ಎತ್ತಿದೆ. ನಡುನಡುವೆ ಇಬ್ಬರೂ ಬಡಿಯುವುದನ್ನು ಮರೆತು ಕಿವಿಗೊಟ್ಟು ಕೂತೆವು. ಕದ್ದು ಕೇಳುವುದು ತಪ್ಪು, ಒಪ್ಪಿದೆ. ಆದರೆ ಕಿವಿ ಮುಚ್ಚಿಕೊಂಡರೆ ರಿಪೇರಿ ಮಾಡುವವನ ವೇಷ ಉಳಿಯುತ್ತಿರಲಿಲ್ಲ.

ಮೊದಲು ಮಂಡಿನೋವಿನ ಮಾತು. ಆಮೇಲೆ ಮಗ್ಗದ ಮಾತು. ಆಮೇಲೆ ಚಿಗವ್ವ ಕೇಳಿಯೇಬಿಟ್ಟಳು: "ನನಗ ಅವ್ವನ ಮಾರಿ ಯಾಕ ತೋರಸಲಿಲ್ಲ, ಯಕ್ಕಾ?"

ಹಾಲಿನವನ ಕೈಯಲ್ಲಿ ಪಾನಾ ನಿಂತಿತು.

"ಗಂಡಸರೆಲ್ಲಾ ಬಿಸಿಲೈತಿ, ಇಡಬಾರದು ಅಂತ ಅವಸರ ಮಾಡಿದ್ರು" ಎಂದಳು ಅವ್ವ. "ನಾ ಒಂದ ಮಾತು ಅಂದಿದ್ರ ನಿಲ್ಲತಿದ್ರು, ಶಾಂತಾ. ಅನ್ನಲಿಲ್ಲ. ನೀ ಬಂದು ಅವ್ವನ ಮ್ಯಾಲೆ ಬಿದ್ದು ಅತ್ರ ನನ್ನ ಕೈಲೆ ತಡ್ಕೊಳ್ಳಾಕ ಆಗೂದಿಲ್ಲ ಅಂತ ಅಂಜಿದೆ. ನನ್ನ ಅಂಜಿಕಿಗೆ ನಿನ್ನ ಪಾಲಿಂದು ಕಸಗೊಂಡೆ."

ಅವ್ವ ಯಾರ ಮುಂದೂ ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಹೋದಾಗಲೂ.

ಚಿಗವ್ವ ಮೂಗು ಒರೆಸಿಕೊಂಡಳು. "ಅವ್ವಗ ಹೊಚ್ಚಬೇಕಂತ ನಾನ ನೇಯ್ದ ಖಣ ತಂದಿದ್ದೆ. ಹಂಗ ಹೊಳ್ಳಿ ಒಯ್ದೆ."

"ಈಗೆಲ್ಲೈತಿ?"

"ಎಲ್ಲೈತಿ? ಸಿಟ್ಟಿಗೆ ಕುಬಸ ಹೊಲಿಸಿ ಹಾಕ್ಕೊಂಡೆ. ಹರಿಯೂತನಾ ಹಾಕ್ಕೊಂಡೆ."

ಆಮೇಲೆ ಅವ್ವ ನಕ್ಕಳು. "ಚಲೋ ಮಾಡಿದಿ. ಮಣ್ಣಾಗ ಹಾಕಿದ್ರ ಅವ್ವ ನಮ್ಮಿಬ್ರಿಗೂ ಬೈತಿದ್ಲು, ಹೊಸಾ ಖಣ ಹಾಳು ಮಾಡಿದ್ರಿ ಅಂತ." ಚಿಗವ್ವನೂ ನಕ್ಕಳು, ಆಮೇಲೆ ಇಬ್ಬರೂ ಅತ್ತರು. ಹಾಲಿನವನು ಟವೆಲಿನಿಂದ ಮುಖ ಒರೆಸಿಕೊಂಡು, "ಬಿಸಿಲು ಭಾಳ ಐತ್ರಿ" ಎಂದ. ನಾವು ಬೇವಿನ ನೆರಳಿನಲ್ಲಿ ಕೂತಿದ್ದೆವು.

ಫೋನು ಎಷ್ಟು ಸಲ ನಡುಗಿತೋ. ಕೊನೆಗೆ ಅಕ್ಷತಾ ಮಾಡಿದಾಗ ಎತ್ತಿದೆ. "ಮಾತಾಡಾಕತ್ತಾರು" ಎಂದಷ್ಟೇ ಉಸುರಿದೆ. ಜಾಣ ಹುಡುಗಿ. "ಹಂಗಾರ ನಿಧಾನ ಬಾ ಮಾಮಾ. ನಾ ಇಲ್ಲೆ ಜರಾ ಸಂಕಟ ಆಗಾಕತ್ತೈತಿ ಅಂತ ಅಡ್ಡಾಗ್ತೇನಿ" ಎಂದಳು.

ಬುಟ್ಟಿ ಬಿಚ್ಚಿದ ಸದ್ದು ಕೇಳಿದಾಗ ಇನ್ನು ಸಾಕು ಎನ್ನಿಸಿತು. "ಮಲ್ಲ್ಯಾ, ನಿನ್ನ ಕೈಲೆ ಆಗೂದಿಲ್ಲ, ಬಂದು ಹೋಳಿಗಿ ತಿನ್ನು. ಆ ಮಿಸ್ತ್ರಿಗೂ ಕರಿ" ಎಂದಳು ಚಿಗವ್ವ. ಹಾಲಿನವನಿಗೆ ಎರಡು ಹೋಳಿಗೆ ಸಿಕ್ಕವು, ಮಿಸ್ತ್ರಿ ಎಂಬ ಗೌರವವೂ ಸಿಕ್ಕಿತು. "ಒಂದ ವಾಯರು ಬಿಟ್ಟಿತ್ರಿ" ಎಂದು ಹೇಳಿ ಅವನೇ ಒಳಗೆ ಕೂತು ಕೀಲಿ ತಿರುವಿದ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು.

"ನೋಡು, ಬರೂವರು ಬಂದ್ರ ಹೆಂಗ ಆಕ್ಕೈತಿ" ಎಂದಳು ಅವ್ವ.

"ಇವಾ ಅಷ್ಟೊತ್ತು ಏನ್ ಮಾಡಾಕತ್ತಿದ್ದ?" ಎಂದಳು ಚಿಗವ್ವ, ಅವ್ವನಿಗೆ, ನೇರವಾಗಿ. ಖಣದ ಗಂಟು ಮುಂದಿನ ಸೀಟಿಗೆ ಬಂದಿತ್ತು.

ಇಳಕಲ್ಲಿನಲ್ಲಿ ಆರತಿ ಹೊತ್ತು ಮೀರಿ ಆಯಿತು. ಇಬ್ಬರು ಆಯಿಗಳೂ ಒಂದೇ ತಟ್ಟೆ ಹಿಡಿದು ಬೆಳಗಿದರು. ಅಕ್ಷತಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಊಟಕ್ಕೆ ಕೂತಾಗ ಅಕ್ಕತಂಗಿಯರು ಬಹಳ ವರ್ಷಗಳ ಮೇಲೆ, ಆರತಿ ಬಿಟ್ಟರೆ, ಕೂಡಿ ಮಾಡಿದ ಮೊದಲ ಕೆಲಸ ನನ್ನನ್ನು ಆಡಿಕೊಳ್ಳುವುದು. ಒಬ್ಬರು ಶುರು ಮಾಡಿದ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಿದ್ದರು. "ತಾಸುಗಟ್ಟಲೆ ಬಾನೆಟ್ಟಿನ್ಯಾಗ ತಲಿ ಹಾಕಿ..." "...ಒಂದ ವಾಯರು ಸಿಗಲಿಲ್ಲ ಇವಗ!" ಬೀಗರೆಲ್ಲ ನಕ್ಕರು. ಬಸ್ಸಿಗೆ ಬಂದು ಬೆಳಿಗ್ಗೆಯೇ ಮುಟ್ಟಿದ್ದ ಗಿರಿಜಾ ಹಪ್ಪಳ ಬಡಿಸುತ್ತ, "ಇವರ ಕಿಸಿ ನೋಡ್ರಿ, ಅಲ್ಲೆ ಇರತೈತಿ ವಾಯರು" ಎಂದಳು. ನಾನು ತಲೆ ತಗ್ಗಿಸಿ ಎಣ್ಣೆಗಾಯಿ ಕಲಸಿಕೊಂಡೆ.

ಗಿರಿಜಾಗೆ ನಾನು ಇವತ್ತಿಗೂ ಹೇಳಿಲ್ಲ. ಹೇಳಿದರೆ ಅಕ್ಕತಂಗಿಯರ ಭಾಗವನ್ನೆಲ್ಲ ನಂಬುತ್ತಾಳೆ. ಹತ್ತು ನಿಮಿಷದೊಳಗೆ ನಾನು ಗಾಡಿ ರಿಪೇರಿ ಮಾಡಿದೆ ಎಂಬುದನ್ನು ಮಾತ್ರ ನಂಬುವುದಿಲ್ಲ.

ಮರುದಿನ ಅವ್ವನನ್ನೂ ಚಿಗವ್ವನನ್ನೂ ಕೂರಿಸಿಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಅಜ್ಜಿಯ ಕಾಲದ ಓಣಿ, ಯಾರ್ಯಾರದೋ ಮದುವೆ, ಯಾವುದೋ ಎಮ್ಮೆ. ನನಗೆ ಒಂದು ಮಾತೂ ಇಲ್ಲ, ಡ್ರೈವಿಂಗ್ ಬಗ್ಗೆ ಕೂಡ. ಹುನಗುಂದ ದಾಟುತ್ತಲೇ ಗಾಡಿ ಢಬ್ ಎಂದು, ಹೊಗೆ ಬಿಟ್ಟು, ಖರೇನೇ ಕೆಟ್ಟು ನಿಂತಿತು. ಬಾನೆಟ್ ಎತ್ತಿದೆ. ವಾಯರು ಇದ್ದಲ್ಲೇ ಇತ್ತು. ಉಳಿದದ್ದರಲ್ಲಿ ಯಾವುದು ಎಲ್ಲಿರಬೇಕಿತ್ತೋ ನನಗೆ ಹೊಳೆಯಲಿಲ್ಲ.

"ಬೇ, ಸ್ವಲ್ಪ ಹೊತ್ತು ಹಿಡಿತೈತಿ. ನೀವು ಮಾತಾಡ್ಕೋತ ಕುಂದರ್ರಿ" ಎಂದು ಕೂಗಿದೆ.

ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಇಳಿದು, ಗಂಟು ಬುಟ್ಟಿ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ದೂರದಲ್ಲಿ ಕೆಂಪು ಬಸ್ಸು ಬರುತ್ತಿತ್ತು. ಚಿಗವ್ವ ಕೈ ಮಾಡಿದಳು.

"ನೀ ನಿಧಾನಕ ಮಾಡ್ಕೋ ಮಲ್ಲು" ಎಂದಳು ಅವ್ವ. "ನಾ ನಾಕು ದಿನ ಗುಳೇದಗುಡ್ಡದಾಗ ಇದ್ದು ಬರ್ತೇನಿ."

ಬಸ್ಸು ನಿಂತಿತು, ಇಬ್ಬರೂ ಒಬ್ಬರ ಮೊಣಕೈ ಒಬ್ಬರು ಹಿಡಿದು ಹತ್ತಿದರು, ಬಸ್ಸು ಹೋಯಿತು. ಹಿಂದಿನ ಗಾಜಿನಲ್ಲಿ ಎರಡು ಬಿಳಿ ತುರುಬು ಒಂದಕ್ಕೊಂದು ತಾಗುವಷ್ಟು ಹತ್ತಿರ ಕಂಡವು. ಎರಡೂ ಒಂದೇ ಸಮ ಅಲ್ಲಾಡುತ್ತಿದ್ದವು, ಇಬ್ಬರೂ ಒಮ್ಮೆಲೇ ಮಾತಾಡುತ್ತಿರಬೇಕು. ನಾನು ಪಾನಾ ಎತ್ತಿ ಬೀಸಿದೆ. ಒಬ್ಬರೂ ಹೊಳ್ಳಿ ನೋಡಲಿಲ್ಲ.